ಅತ್ತಿಗೆಯ ಕಾಮಾಲೆ ಮದ್ದು

ಮಗಳು ಶ್ರಾವ್ಯಳ ಕಣ್ಣು ಮೊದಲ ಸಲ ಹಳದಿಯಾದಾಗ ಅವಳಿಗೆ ಆರು ವರ್ಷ. ನನ್ನ ಅತ್ತಿಗೆ, ಗಂಡನ ಅಕ್ಕ, ಕೊಕ್ಕಡದಿಂದ ಬಂದವರೇ ತೀರ್ಪು ಕೊಟ್ಟರು: "ಕಾಮಾಲೆ. ಬೇಕರಿ ತಿಂಡಿ ಕೊಟ್ಟು ಕೊಟ್ಟು ಮಗುವಿನ ಲಿವರ್ ಹಾಳು ಮಾಡಿದ್ದು ನೀನೇ ಮಾರಾಯ್ತಿ."

ಅವರು ಹೇಳಿದ ಕಹಿ ಸೊಪ್ಪಿನ ಮದ್ದು. ಉಪ್ಪು, ಎಣ್ಣೆ ಇಲ್ಲದ ಗಂಜಿ. ಹಳದಿ ಇಳಿಯಿತು, ಕೆಲವು ತಿಂಗಳಿಗೆ ಮತ್ತೆ ಬಂತು. ತಾನಾಗಿ ಇಳಿದದ್ದಕ್ಕೆ ಕೀರ್ತಿ ಮದ್ದಿಗೆ, ಮತ್ತೆ ಬಂದದ್ದಕ್ಕೆ ಬೈಗುಳ ನನಗೆ. ಐದು ವರ್ಷ ಹೀಗೇ ನಡೆಯಿತು.

ಕಳೆದ ಮಳೆಗಾಲ ಜ್ವರ ಬಂದು ಶಾಲೆಯಲ್ಲೇ ಕುಸಿದಳು.

ಹಿಮೋಗ್ಲೋಬಿನ್ ಐದು.

ಮಂಗಳೂರಿನ ಡಾಕ್ಟರ್ ಟೆಸ್ಟ್ ಮಾಡಿಸಿ ಹೇಳಿದರು: "ಲಿವರ್ ಸರಿ ಉಂಟು. ಕೆಂಪು ರಕ್ತಕಣದ ಮೆಂಬ್ರೇನ್‌ನಲ್ಲೇ, ಹೊರಗಿನ ಪೊರೆಯಲ್ಲೇ ದೋಷ. ಚಪ್ಪಟೆ ಇರಬೇಕಾದ ಕಣ ಚೆಂಡಿನ ಹಾಗೆ ಉಂಟು. ಸ್ಪ್ಲೀನ್‌ನಲ್ಲಿ, ಅಂದರೆ ಗುಲ್ಮದಲ್ಲಿ, ಸಿಕ್ಕಿ ಒಡೆಯುತ್ತದೆ. ಹಳದಿ ಅದರಿಂದ." ಉಪ್ಪು ಕಡಿಮೆ ಮಾಡುತ್ತ ಹೋದ ನೀರಿನ ಟ್ಯೂಬ್‌ಗಳಿಗೆ ಅವಳ ರಕ್ತ ಹಾಕಿ ನೋಡಿದ್ದರು. ಉಳಿದವರ ಕಣ ತಾಳುವ ನೀರಿನಲ್ಲೇ ಅವಳವು ಒಡೆದಿದ್ದವು.

ನಾನು ಮೂಡುಬಿದಿರೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ.

ಜೀವಕೋಶದ ಪೊರೆ, ನೀರು ಒಳನುಗ್ಗಿ ಉಬ್ಬುವ ಕಣ, ಎಲ್ಲವನ್ನೂ ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸಿದವಳು. ಮನೆಗೆ ಬಂದು ಮಗಳ ಮೂಗು ಹಿಡಿದು ಮದ್ದು ಕುಡಿಸಿದ್ದೇನೆ. ಅತ್ತಿಗೆಯ ಬಾಯಿಗೆ ಹೆದರಿ. ನನ್ನನ್ನೇ ನಾನು ಕ್ಷಮಿಸಿಲ್ಲ, ಅವರನ್ನು ಏಕೆ ಕ್ಷಮಿಸಲಿ?

"ಹೆಚ್ಚಾಗಿ ವಂಶದಿಂದ ಬರುವುದು. ಯಾರ ತಪ್ಪೂ ಅಲ್ಲ," ಎಂದು ಡಾಕ್ಟರ್ ಸಮಾಧಾನ ಹೇಳಿದರು. ನನ್ನ ರಕ್ತ ಸರಿಯಿತ್ತು. ಗಂಡನಿಗೆ ಅದೇ ದೋಷ ಸ್ವಲ್ಪ ಇತ್ತು. ಅತ್ತಿಗೆಗೆ ಸಣ್ಣ ಪ್ರಾಯದಲ್ಲೇ ಪಿತ್ತಕೋಶದ ಕಲ್ಲಿನ ಆಪರೇಷನ್ ಆದದ್ದು ನನಗೆ ಆಗ ನೆನಪಾಯಿತು. ಅದೂ ಇದರಿಂದಲೇ ಆಗಿರಬಹುದು ಎಂದರು ಡಾಕ್ಟರ್. ಅತ್ತಿಗೆಗೂ ಟೆಸ್ಟ್ ಮಾಡಿಸಲೇಬೇಕೆಂದು ಹಠ ಹಿಡಿದವಳು ನಾನು. ಅವರ ಮೇಲಿನ ಕಾಳಜಿ ಎಂದು ಗಂಡ ನಂಬಿದರು. ಕಾಳಜಿಯೂ ಇಲ್ಲ, ಎಂತದೂ ಇಲ್ಲ.

ರಿಪೋರ್ಟನ್ನು ಮನೆಯವರೆಲ್ಲರ ಎದುರು ನಾನೇ ಓದಿದೆ. ನಿಧಾನವಾಗಿ, ಪಾಠ ಮಾಡುವ ಸ್ವರದಲ್ಲಿ.

ಅತ್ತಿಗೆಗೂ ಅದೇ.

ಅವರು ಕುರ್ಚಿಯ ಕೈ ಹಿಡಿದುಕೊಂಡರು. "ಹಾಗಾದರೆ ಮಗುವಿಗೆ ಬಂದದ್ದು ನಮ್ಮ ಕಡೆಯಿಂದಲಾ?"

"ಹೌದು ಅತ್ತಿಗೆ. ನಿಮ್ಮ ಕಡೆಯಿಂದಲೇ."

ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ.

ಶ್ರಾವ್ಯ ಈಗ ದಿನಾ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತಾಳೆ. ಹಿಮೋಗ್ಲೋಬಿನ್ ಹತ್ತಕ್ಕೆ ಬಂದಿದೆ. ಸ್ಪ್ಲೀನ್ ತೆಗೆಯಬೇಕೋ ಬೇಡವೋ, ಮುಂದೆ ನೋಡುವ ಎಂದಿದ್ದಾರೆ. ಅಷ್ಟಕ್ಕೇ ದೇವರಿಗೆ ಕೈ ಮುಗಿಯುತ್ತೇನೆ. ಅತ್ತಿಗೆ ವಾರಕ್ಕೊಮ್ಮೆ ಫೋನ್ ಮಾಡಿ, "ಮಗು ಹೇಗುಂಟು?" ಎಂದು ಕೇಳಿ ಅಳುತ್ತಾರೆ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಅವರಿಗೂ ಒಂದು ದಿನ ಹೇಳಬೇಕು.

ಈಗಲೇ ಅಲ್ಲ.