ನಡುಮನೆಯಲ್ಲಿ ಇಳಿದ ವಿಮಾನ

ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಮುಂಗಡ ಟಿಕೆಟ್ ಕೊಟ್ಟ ಆ ಹೆಂಗಸನ್ನು ಊರಿನವರು ಕಿಟಕಿಯಮ್ಮ ಎಂದೇ ಕರೆಯುತ್ತಿದ್ದರು. ಗಾಜಿನ ಆಚೆ ಎಷ್ಟೇ ದೊಡ್ಡ ಗಲಾಟೆಯಾದರೂ ಈಚೆ ಅವರ ದನಿ ಒಂದು ಎಳೆ ಏರುತ್ತಿರಲಿಲ್ಲ. ಬೆಳಗಿನ ಬಸ್ಸು ತುಂಬಿದೆ, ಮಧ್ಯಾಹ್ನದ್ದರಲ್ಲಿ ಎರಡು ಸೀಟಿದೆ, ಬೇಕೋ ಬೇಡವೋ, ಅಷ್ಟೇ ಮಾತು. ದೊಡ್ಡವರ ಕಡೆಯವನು ಎಂದು ಹೇಳಿಕೊಂಡು ಬಂದವನಿಗೂ ಅದೇ, ಗಂಟುಮೂಟೆ ಹೊತ್ತು ಬಂದ ಮುದುಕಿಗೂ ಅದೇ. ಆಕೆ ಇಲ್ಲ ಎಂದ ಮೇಲೆ ಬ್ರಹ್ಮ ಬಂದರೂ ಸೀಟು ಹುಟ್ಟುವುದಿಲ್ಲ ಎಂದು ಕಂಡಕ್ಟರುಗಳು ನಗುತ್ತಿದ್ದರು.

ನಿವೃತ್ತಿಗೆ ಎರಡು ವರ್ಷ ಇದ್ದಾಗ ತಂಗಿಯನ್ನು ಕಣ್ಣಿನ ಆಪರೇಷನ್ನಿಗೆಂದು ದೂರದ ಊರಿಗೆ ಕರೆದೊಯ್ಯುವಾಗ ಅವರು ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದರು. ಹತ್ತುವಾಗ ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಬಿಳಿ ಅಂಗಿಯ ಒಬ್ಬ ಹೆಂಗಸು, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಕೈಯಲ್ಲಿನ ಪಟ್ಟಿ ನೋಡುತ್ತ ಒಂದೊಂದೇ ಗುಂಡಿ ಒತ್ತುತ್ತಿದ್ದಳು. ಹಿಂದಿನವರು ತಳ್ಳುವ ತನಕ ಕಿಟಕಿಯಮ್ಮ ಅಲ್ಲೇ ನಿಂತರು. ಇದೂ ಕೂತು ಮಾಡುವ ಕೆಲಸವೇ ಅಲ್ಲವೇ, ಪಟ್ಟಿ ನೋಡಬೇಕು, ಗುಂಡಿ ಒತ್ತಬೇಕು, ಗಾಬರಿಯಾಗಬಾರದು. ನಾನು ಇಷ್ಟು ವರ್ಷ ಮಾಡಿದ್ದು ಮತ್ತಿನ್ನೇನು ಎಂದು ಅವರಿಗೆ ಅನ್ನಿಸಿತು. ಆದರೆ ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಅರವತ್ತರ ಹತ್ತಿರ ಬಂದವಳು ವಿಮಾನ ಓಡಿಸುತ್ತೇನೆ ಎಂದರೆ ಕೇಳಿದವರು ಏನಂದಾರು?

ನಿವೃತ್ತಿಯಾದ ಮೂರನೇ ವಾರ, ಪಿಂಚಣಿ ಅರ್ಜಿಯ ನಕಲು ತೆಗೆಸಲು ಬೀದಿಯ ತುದಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದರು. ಗಿರಾಕಿ ಯಾರೂ ಇಲ್ಲವೆಂದು ಅಂಗಡಿಯವನು ಆರಾಮಾಗಿ ಜಾಯ್‌ಸ್ಟಿಕ್ ಎಂಬ ಹಿಡಿಕೋಲು ಅಲ್ಲಾಡಿಸುತ್ತ ಪರದೆಯ ಮೇಲೆ ವಿಮಾನ ಇಳಿಸುತ್ತಿದ್ದ. ಬೋಳುತಲೆಯ, ಐವತ್ತು ದಾಟಿದ ಮನುಷ್ಯ. ಸಿಕ್ಕಿಬಿದ್ದ ಕಳ್ಳನಂತೆ ಎದ್ದು ನಿಂತ. ಕಿಟಕಿಯಮ್ಮ ಅರ್ಜಿಯನ್ನು ಮರೆತರು. ಇದು ಆಟವೋ ಪಾಠವೋ ಎಂದು ಕೇಳಿದರು. ಎರಡೂ ಹೌದು ಮೇಡಂ, ಕಲಿಯುವವರು ಇದರಲ್ಲೂ ಕೈ ಪಳಗಿಸಿಕೊಳ್ಳುತ್ತಾರೆ ಎಂದ. ಅವನ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಹಾರಿಸಿ, ವಿಮಾನವನ್ನು ನೇರ ಸಮುದ್ರಕ್ಕೆ ಇಳಿಸಿ, ಕಿಟಕಿಯಮ್ಮ ಎದ್ದರು.

"ಇದಕ್ಕೆ ಏನೇನು ಬೇಕು, ಒಂದು ಚೀಟೀಲಿ ಬರೆದುಕೊಡಿ," ಎಂದರು.

ಹೀಗೆ ಒಂದು ಹಳೇ ಕಂಪ್ಯೂಟರು, ಅದರಲ್ಲಿ ಚಿತ್ರ ಮೂಡಿಸಲೊಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಒಂದು ಪುಟ್ಟ ಪರದೆ, ಒಂದು ಹಿಡಿಕೋಲು, ಕಾಲಲ್ಲಿ ತುಳಿಯಲು ಎರಡು ಪೆಡಲು ಮನೆಗೆ ಬಂದವು; ಅಂಗಡಿಯವನೇ ಎಲ್ಲವನ್ನೂ ಮಲಗುವ ಕೋಣೆಯ ಮೇಜಿಗೆ ಜೋಡಿಸಿಕೊಟ್ಟ. ಒಂದು ವಾರ ಅಲ್ಲೇ ಹಾರಿಸಿದರು. ಆದರೆ ಮನಸ್ಸು ತುಂಬಲಿಲ್ಲ. ರನ್‌ವೇ ಬೆಂಕಿಕಡ್ಡಿಯಷ್ಟು, ಮೋಡ ಹತ್ತಿಯ ಎಳೆಯಷ್ಟು. ಮೂವತ್ತೊಂದು ವರ್ಷ ಸಣ್ಣ ಗಾಜಿನ ಮುಂದೆ ಕೂತದ್ದು ಸಾಲದೆ ಈಗಲೂ ಅದೇ ಆಯಿತಲ್ಲ ಎನ್ನಿಸಿತು. ನಡುಮನೆಯಲ್ಲಿ ಗೋಡೆಯ ಅರ್ಧ ಹಿಡಿಯುವಂಥ ಟಿ.ವಿ. ಇತ್ತು. ಅದಕ್ಕೆ ಜೋಡಿಸಿದರೆ ಆಕಾಶ ಆಕಾಶದಷ್ಟೇ ಕಂಡೀತು.

ಟಿ.ವಿ.ಯೇನೋ ಇತ್ತು, ಆದರೆ ಅದರ ಮುಂದೆ ಯಜಮಾನರೂ ಇದ್ದರು. ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಜೀವ ಸವೆಸಿದ ಮನುಷ್ಯ. ಈಗ ಸುದ್ದಿ ವಾಹಿನಿಗಳ ಅಡಿಯಲ್ಲಿ ಓಡುವ ಸಾಲುಗಳಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ರಿಮೋಟಿಗೆ ಪ್ಲಾಸ್ಟಿಕ್ ಕವರು ಹಾಕಿ, ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಕುರ್ಚಿಯ ಕೈಮೇಲೆ ಇಟ್ಟುಕೊಂಡಿರುತ್ತಿದ್ದರು. ಹೆಂಡತಿಯ ಯೋಜನೆ ಕೇಳಿ ಅವರು ಮೂಗು ಮುರಿದರು. ಆಡುವ ವಯಸ್ಸಿನಲ್ಲಿ ಆಡದೆ ಈಗ ನಡುಮನೆಯನ್ನು ವಿಮಾನ ನಿಲ್ದಾಣ ಮಾಡುತ್ತೀಯಾ ಎಂದರು. ಕಿಟಕಿಯಮ್ಮ ವಾದಕ್ಕೆ ಇಳಿಯಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಧ್ಯಾಹ್ನ ಎರಡರಿಂದ ಐದು ನನ್ನದು, ಮಿಕ್ಕಿದ್ದೆಲ್ಲ ನಿಮ್ಮದು ಎಂದು ವೇಳಾಪಟ್ಟಿ ಹೇಳುವ ದನಿಯಲ್ಲೇ ಹೇಳಿದರು. ಆ ದನಿಯ ಮುಂದೆ ಯಾವ ಪ್ರಯಾಣಿಕನೂ ಗೆದ್ದದ್ದಿಲ್ಲ.

ಟಿ.ವಿ.ಗೂ ತಾನೇ ಬಂದು ಜೋಡಿಸಿಕೊಡುತ್ತೇನೆ ಎಂದ ಅಂಗಡಿಯವನು. ಕಿಟಕಿಯಮ್ಮ ಬೇಡ ಎಂದರು.

"ನೀವು ಮಾಡಿಕೊಟ್ಟರೆ ಕೆಟ್ಟಾಗಲೆಲ್ಲ ನಿಮ್ಮ ಬಾಗಿಲಿಗೇ ಬರಬೇಕು. ಹೇಳಿಕೊಡಿ, ಬರೆದುಕೊಳ್ತೀನಿ."

ಬರೆದುಕೊಂಡದ್ದು ಎರಡು ಪುಟ. ಪುಸ್ತಕದಲ್ಲಿ ಎಲ್ಲ ಸುಲಭವಾಗಿತ್ತು. ಕಂಪ್ಯೂಟರಿನ ಬೆನ್ನಿಗೆ ಒಂದೇ ತರಹದ ತೂತು ಎರಡು ಕಡೆ ಇವೆ ಎಂದು ಮಾತ್ರ ಅಂಗಡಿಯವನು ಹೇಳಲು ಮರೆತಿದ್ದ. ಕಿಟಕಿಯಮ್ಮ ಟಿ.ವಿ.ಯ ಕೇಬಲನ್ನು ಮೇಲಿನದಕ್ಕೆ ಚುಚ್ಚಿದರು. ಪರದೆ ಕಪ್ಪಗೆ ಕೂತಿತು. ಒಂದು ಗಂಟೆ ಟಾರ್ಚು ಹಿಡಿದು ನೆಲದ ಮೇಲೆ ಮಲಗಿ ನೋಡಿದ ಮೇಲೆ ಕೆಳಗೆ ಕಾರ್ಡಿನ ಸಾಲಿನಲ್ಲಿ ಇನ್ನೊಂದು ತೂತು ಕಂಡಿತು. ಅದಕ್ಕೆ ಹಾಕಿದ್ದೇ ತಡ, ಚಿತ್ರ ಬಂತು. ಚಿತ್ರ ಬಂತು, ಶಬ್ದ ಬರಲಿಲ್ಲ. ಶಬ್ದ ಟಿ.ವಿ.ಗೆ ಹೋಗಲಿ ಎಂದು ಕಂಪ್ಯೂಟರಿಗೆ ಬೇರೆಯಾಗಿ ಹೇಳಬೇಕಂತೆ. ಹೇಳಿದರು. ಆಗ ಚಿತ್ರದ ಅಂಚುಗಳು ನಾಲ್ಕೂ ಕಡೆ ಟಿ.ವಿ.ಯ ಚೌಕಟ್ಟಿನೊಳಗೆ ಹೂತುಹೋಗಿರುವುದು ಗೊತ್ತಾಯಿತು. ಎತ್ತರ ತೋರಿಸುವ ಅಂಕಿ ಅರ್ಧವೇ ಕಾಣುತ್ತಿತ್ತು. ಅದನ್ನೂ ಹುಡುಕಿ ಸರಿಮಾಡಿದರು. ಒಂದೊಂದು ಸರಿಹೋದಾಗಲೂ ಪುಸ್ತಕದಲ್ಲಿ ಒಂದು ಸಾಲು ಹೆಚ್ಚುತ್ತಿತ್ತು.

ಸೋಫಾ ಆಗಿಬರಲಿಲ್ಲ. ಕೂತರೆ ಕುಸಿಯುತ್ತಿತ್ತು, ಹಿಡಿಕೋಲು ತೊಡೆಯ ಮೇಲೆ ಜಾರುತ್ತಿತ್ತು. ಅಡುಗೆಮನೆಯ ಸ್ಟೂಲಿಗೆ ಹಿಡಿಕೋಲನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದು, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂತರು. ಅಂತೂ ಹಾರಿದರು.

ಹಾರಿದ ಇಪ್ಪತ್ತನೇ ನಿಮಿಷಕ್ಕೆ ಎಲ್ಲ ಒಮ್ಮೆಲೇ ಆರಿಹೋಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅಂದ ಕೆಡಬಾರದೆಂದು ಕಂಪ್ಯೂಟರನ್ನು ಟಿ.ವಿ. ಕೆಳಗಿನ ಬೀರುವಿನೊಳಗೆ ಇಟ್ಟು ಗಾಜಿನ ಬಾಗಿಲು ಹಾಕಿದ್ದರು. ಮೂರನೇ ದಿನ ಬಾಗಿಲು ತೆರೆದು ಕೈಯಿಟ್ಟರೆ ಒಳಗೆ ಕುದಿಯುವ ಪಾತ್ರೆಯ ಮುಚ್ಚಳ ತೆಗೆದಂತೆ ಬಿಸಿ ಮುಖಕ್ಕೆ ಹೊಡೆಯಿತು. ಉಸಿರಾಡಲು ಗಾಳಿಯಿಲ್ಲದೆ ಪಾಪದ್ದು ತಾನೇ ತಾನಾಗಿ ಮಲಗುತ್ತಿತ್ತು. ಯಜಮಾನರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬರುವಷ್ಟರಲ್ಲಿ ಬೀರುವಿನ ಬೆನ್ನಿನ ಪ್ಲೈವುಡ್ ಹಲಗೆ ಬಿಚ್ಚಿ ಗೋಡೆಗೆ ಒರಗಿತ್ತು, ಗಾಜಿನ ಬಾಗಿಲು ಕಳಚಿ ಮಂಚದ ಕೆಳಗೆ ಸೇರಿತ್ತು. ಮದುವೆಯಾದ ಹೊಸತರಲ್ಲಿ ಕೊಂಡ ಬೀರು ಕಣೇ ಅದು ಎಂದು ಅವರು ಸಂಕಟಪಟ್ಟರು. ಬೀರು ಎಲ್ಲೂ ಹೋಗಿಲ್ಲ, ಬೆನ್ನು ಮಾತ್ರ ಹೋಗಿದೆ ಎಂದು ಕಿಟಕಿಯಮ್ಮ ಸ್ಕ್ರೂಗಳನ್ನು ಎಣಿಸಿ ಡಬ್ಬಿಗೆ ಹಾಕಿದರು.

ಆಮೇಲೆ ಬಂದದ್ದೇ ನಿಜವಾದ ಕಷ್ಟ. ಹಾರುವುದು ಬಂತು, ತಿರುಗುವುದು ಬಂತು, ಇಳಿಯುವುದು ಬರಲಿಲ್ಲ. ಮಲಗುವ ಕೋಣೆಯಲ್ಲಿ ಸುಮಾರಾಗಿ ಇಳಿಯುತ್ತಿದ್ದ ವಿಮಾನ ಇಲ್ಲಿ ನೆಲ ಹತ್ತಿರವಾದ ಕೂಡಲೇ ಮೊಲದಂತೆ ಕುಪ್ಪಳಿಸುತ್ತಿತ್ತು. ಕೋಲು ಎಳೆದರೆ ಮೂಗು ಏಳುವುದಿಲ್ಲ. ಏಳಲಿಲ್ಲವಲ್ಲ ಎಂದು ಇನ್ನಷ್ಟು ಎಳೆದರೆ ದಿಢೀರನೆ ಎದ್ದು ನಿಂತು ಧೊಪ್ಪನೆ ಬೀಳುತ್ತಿತ್ತು. ನೋಡಲು ಬಂದ ತಂಗಿ, ವಯಸ್ಸಾಯಿತಲ್ಲಕ್ಕ, ಕೈ ಮೊದಲಿನಂತೆ ಓಡುತ್ತದೆಯೇ ಎಂದು ಪ್ರೀತಿಯಿಂದಲೇ ಹೇಳಿ ಹೋದಳು. ಆ ಮಾತು ಮುಳ್ಳಿನ ಹಾಗೆ ಕೂತಿತು. ಕಿಟಕಿಯಮ್ಮ ಎರಡು ದಿನ ಸ್ಟೂಲಿನ ಹತ್ತಿರ ಸುಳಿಯಲಿಲ್ಲ. ತರಕಾರಿ ಹೆಚ್ಚುವಾಗ ಕೈಯನ್ನೇ ನೋಡುತ್ತಿದ್ದರು. ಚಾಕು ಹೇಳಿದ ಕಡೆ ಹೋಗುತ್ತಿತ್ತು, ಹೇಳಿದ ಹೊತ್ತಿಗೇ ಹೋಗುತ್ತಿತ್ತು.

ಮೂರನೇ ದಿನ ಊಟಕ್ಕೆ ಕೂತಾಗ, ಟಿ.ವಿ.ಯೇ ನಿಧಾನ ಅಂತ ಕಾಣುತ್ತದೆ ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಯಜಮಾನರು.

"ನೆಲ ಡೊಂಕೇ ಇರಬಹುದಲ್ಲ. ಅಳೆದು ನೋಡ್ತೀನಿ."

ಅಳೆದರು. ಕಂಪ್ಯೂಟರನ್ನು ಹೊತ್ತು ಮಲಗುವ ಕೋಣೆಗೆ ಒಯ್ದು ಪುಟ್ಟ ಪರದೆಯಲ್ಲಿ ಅದೇ ವಿಮಾನ, ಅದೇ ರನ್‌ವೇ, ಅದೇ ಹವೆ ಇಟ್ಟು ಹತ್ತು ಸಲ ಇಳಿಸಿದರು. ಏಳು ಸಲ ಸರಿಯಾಗಿ ಇಳಿಯಿತು. ಮತ್ತೆ ಹೊತ್ತು ತಂದು ಟಿ.ವಿ.ಗೆ ಹಾಕಿ ಹತ್ತು ಸಲ. ಒಂದೇ ಒಂದು. ಬೆವರು ಒರೆಸಿಕೊಂಡು, ಅನುಮಾನ ಉಳಿಯಬಾರದೆಂದು ಮತ್ತೊಮ್ಮೆ ಒಳಗೆ ಒಯ್ದರು. ಎಂಟು. ಲೆಕ್ಕದ ಹಾಳೆಯನ್ನು ಗಂಡನ ಕುರ್ಚಿಯ ಕೈಮೇಲೆ, ರಿಮೋಟಿನ ಪಕ್ಕದಲ್ಲಿ ಇಟ್ಟರು.

ಯಜಮಾನರು ಹಾಳೆಯನ್ನು ಎರಡು ಸಲ ಓದಿದರು. ಬರೆದದ್ದರಲ್ಲಿ ತಪ್ಪು ಸಿಗದಿದ್ದರೆ ಅದನ್ನು ಒಪ್ಪಲೇಬೇಕು. ಅದು ಅವರು ಉದ್ಯೋಗದಲ್ಲಿ ಕಲಿತ ನಿಯತ್ತು. ಎದ್ದುಹೋಗಿ ಟಿ.ವಿ.ಯ ಜೊತೆ ಬಂದಿದ್ದ ಕೈಪಿಡಿಯನ್ನು ಹುಡುಕಿ ತಂದರು. ಇರುವೆಯಷ್ಟು ಸಣ್ಣ ಅಕ್ಷರದ ಎಂಬತ್ತು ಪುಟ. ಓದುವ ಕನ್ನಡಕ ಹಾಕಿ, ಸಾಲಿನ ಕೆಳಗೆ ಅಡಿಪಟ್ಟಿ ಹಿಡಿದು, ಮೊದಲಿನಿಂದ ಶುರುಮಾಡಿದರು. ಆ ದಿನ ಹನ್ನೆರಡು ಅಚ್ಚಿನ ತಪ್ಪು ಸಿಕ್ಕಿತು, ಬೇಕಾದದ್ದು ಸಿಗಲಿಲ್ಲ. ಮಾರನೆಯ ದಿನ ಮೂವತ್ತೇಳನೇ ಪುಟದ ಅಡಿಟಿಪ್ಪಣಿಗೆ ಬಂದಾಗ ಅಡಿಪಟ್ಟಿ ನಿಂತಿತು.

"ಬಾರೇ ಇಲ್ಲಿ," ಎಂದು ಕರೆದರು. "ಬಣ್ಣ, ಹೊಳಪು ಎಲ್ಲ ತಿದ್ದಿ ತೀಡಿ ತೋರಿಸೋಕೆ ಇದು ಒಂದಿಷ್ಟು ಹೊತ್ತು ತಗೊಳ್ಳುತ್ತಂತೆ. ಗೇಮ್ ಮೋಡ್ ಅಂತ ಹಾಕಿದ್ರೆ ತಿದ್ದದೆ ಹಾಗೇ ಕಳಿಸುತ್ತಂತೆ."

"ಅಂದ್ರೆ ತಪ್ಪು ನನ್ನ ಕೈಯದಲ್ಲ."

"ನಿನ್ನ ಕೈಯದಲ್ಲ. ಇದೇ ತಿದ್ದುತ್ತಾ ಕೂತಿದೆ, ನನ್ನ ಹಾಗೆ."

ರಿಮೋಟಿನ ರಬ್ಬರ್ ಬ್ಯಾಂಡನ್ನು ಅವರೇ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಗೇಮ್ ಮೋಡ್ ಹಾಕಿದಾಗ ಬಣ್ಣ ಸ್ವಲ್ಪ ಸಪ್ಪೆಯಾಯಿತು. ಆದರೆ ಕೋಲು ಎಳೆದ ಗಳಿಗೆಗೇ ಮೂಗು ಎದ್ದಿತು. ಕಿಟಕಿಯಮ್ಮ ಎಳೆದು ಬಿಟ್ಟು, ಎಳೆದು ಬಿಟ್ಟು, ಐದಾರು ಸಲ ಸುಮ್ಮನೆ ನೋಡಿದರು. ಇನ್ನೂ ನೋಡುತ್ತ ಕೂರಲು ಪುರುಸೊತ್ತಿರಲಿಲ್ಲ, ಗಂಟೆ ನಾಲ್ಕಾಗಿತ್ತು.

ಉಳಿದದ್ದು ಕಣ್ಣು. ದೂರದ ಕನ್ನಡಕ ಹಾಕಿದರೆ ಕೈಯಡಿಯ ಗುಂಡಿಗಳು ಮಂಜು, ತೆಗೆದರೆ ಟಿ.ವಿ.ಯೊಳಗಿನ ಅಂಕಿಗಳು ಮಂಜು. ದೊಡ್ಡದು ಮಾಡಬಹುದಾದ ಅಕ್ಷರಗಳನ್ನೆಲ್ಲ ದೊಡ್ಡದು ಮಾಡಿದ್ದರು, ವೇಗ ಮತ್ತು ಎತ್ತರದ ಅಂಕಿಗಳು ಮಾತ್ರ ಹಟ ಹಿಡಿದು ಹಾಗೇ ಉಳಿದಿದ್ದವು. ಯಜಮಾನರಿಗೆ ಹತ್ತಿರದ್ದು ಕಾಣದಿದ್ದರೂ ದೂರಕ್ಕೆ ಹದ್ದಿನ ಕಣ್ಣು. ಕೇಳದೆಯೇ ತಮ್ಮ ಕುರ್ಚಿಯಿಂದ ಓದತೊಡಗಿದರು. ಆದರೆ ಅವರದು ಕರಡಿನ ಓದು. "ಎತ್ತರ ಒಂದು ಸಾವಿರದ ಇನ್ನೂರ ಐವತ್ತು ಅಡಿ" ಎಂದು ಪೂರ್ಣವಿರಾಮ ಹಾಕುವಷ್ಟರಲ್ಲಿ ವಿಮಾನ ಒಂಬೈನೂರಕ್ಕೆ ಬಂದಿರುತ್ತಿತ್ತು.

"ರೀ, ಬರೀ ಅಂಕಿ ಹೇಳಿ. ಅಡಿ ಅಂತ ನನಗೆ ಗೊತ್ತು," ಎಂದರು ಕಿಟಕಿಯಮ್ಮ.

ಇದ್ದದ್ದನ್ನು ಇದ್ದಹಾಗೆ ಓದುವುದು ತಮ್ಮ ಅಭ್ಯಾಸ ಎಂದು ಯಜಮಾನರು ಮುನಿಸಿಕೊಂಡರು. ಆ ಮಧ್ಯಾಹ್ನ ವಿಮಾನ ಎರಡು ಸಲ ಹೊಲಕ್ಕೆ ಬಿತ್ತು; ಒಂದಕ್ಕೆ ಅವರ ವ್ಯಾಕರಣ ಕಾರಣ, ಇನ್ನೊಂದಕ್ಕೆ ಅವರ ಮೌನ. ನಾಲ್ಕನೇ ದಿನದ ಹೊತ್ತಿಗೆ ಇಬ್ಬರಿಗೂ ಒಂದು ಹದ ಸಿಕ್ಕಿತು. ಎಂಟು, ಆರು, ನಾಲ್ಕು ಎಂದು ನೂರುಗಳನ್ನಷ್ಟೇ ಹೇಳುವುದು, ವೇಗ ತಪ್ಪಿದರೆ ಮಾತ್ರ ವೇಗ ಹೇಳುವುದು.

ಆ ಭಾನುವಾರ ತಂಗಿ ಬಂದಿದ್ದಾಗ ಕಿಟಕಿಯಮ್ಮ ಬೇಕೆಂದೇ ಆಟದಲ್ಲಿ ಅಡ್ಡಗಾಳಿ ಇಟ್ಟರು. ಅಡ್ಡಗಾಳಿಯಲ್ಲಿ ವಿಮಾನ ಏಡಿಯಂತೆ ಓರೆಯಾಗಿ ಬರುತ್ತದೆ, ನೆಲ ಮುಟ್ಟುವ ಗಳಿಗೆಯಲ್ಲಿ ಪೆಡಲು ತುಳಿದು ನೇರಮಾಡಬೇಕು. ಇದುವರೆಗೆ ಒಮ್ಮೆಯೂ ಆಗಿರಲಿಲ್ಲ. ಅಕ್ಕ, ಸುಲಭದ್ದೇ ತೋರಿಸು ಎಂದಳು ತಂಗಿ. ಕಿಟಕಿಯಮ್ಮ ಕೋಲು ಓರೆಮಾಡಿದರು. ಗೋಡೆಯ ಅರ್ಧದಷ್ಟು ಆಕಾಶ ಮೆಲ್ಲನೆ ವಾಲಿತು.

"ಐದು," ಎಂದರು ಯಜಮಾನರು. "ಮೂರು. ವೇಗ ಕಮ್ಮಿ."

ಎಡಗೈ ಹಿಡಿಕೋಲಿನ ಬುಡದ ವೇಗದ ಸನ್ನೆಯನ್ನು ಸ್ವಲ್ಪ ಮುಂದೆ ತಳ್ಳಿತು, ಎಂಜಿನ್ನು ಗುರುಗುಟ್ಟಿತು.

"ಎರಡು. ಒಂದು. ಅರ್ಧ."

ಓರೆಯಾಗಿದ್ದ ರನ್‌ವೇ ನೇರವಾಯಿತು. ಒಂದು ಚಕ್ರ ನೆಲ ಮುಟ್ಟಿತು, ಗಳಿಗೆ ಬಿಟ್ಟು ಇನ್ನೊಂದು. ವಿಮಾನ ಎಡಕ್ಕೆ ಜಾರಿ ಹುಲ್ಲಿನ ಅಂಚಿನ ತನಕ ಹೋಗಿ, ಅಲ್ಲೇ ಮನಸ್ಸು ಬದಲಿಸಿದಂತೆ ನಿಂತಿತು. ಮೂರು ಚಕ್ರವೂ ನೆಲದ ಮೇಲಿದ್ದವು.

ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು; ತಾನು ಆಡಿದ ಮಾತು ಅವಳಿಗೂ ನೆನಪಿತ್ತೋ ಏನೋ, ನಿನ್ನ ಕೈ ನೋಡೋಣ ಕೊಡಕ್ಕ ಎಂದು ಹಿಡಿದುಕೊಂಡಳು. ಯಜಮಾನರು ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಮಧ್ಯದ ಗೆರೆಯಿಂದ ತುಂಬ ಆಚೆ ಹೋಯ್ತು," ಎಂದರು.

"ಹೌದು," ಎಂದು ಕಿಟಕಿಯಮ್ಮ ಒಪ್ಪಿದರು. ತಂಗಿಯ ಕೈಯಿಂದ ಕೈ ಬಿಡಿಸಿಕೊಂಡು, ಎಡಗಾಲು ತಡವಾಯಿತು ಎಂದು ಪುಸ್ತಕದಲ್ಲಿ ಬರೆದು, ವಿಮಾನವನ್ನು ಮತ್ತೆ ರನ್‌ವೇಯ ತುದಿಗೆ ತಂದು ನಿಲ್ಲಿಸಿದರು. ಐದಕ್ಕೆ ಇನ್ನೂ ನಲವತ್ತು ನಿಮಿಷ ಇತ್ತು.