ದರ್ಜಿಯಣ್ಣನ ಬಲಗೈ

ಅಟ್ಟದಿಂದ ಹಳೆ ಉಳಿ, ಬಾಚಿ ಇಳಿಸುವಾಗ ಚರ್ಮದ ಗ್ಲೌಸೊಂದು ಕೈಗೆ ಸಿಕ್ಕಿತು. ಹರಳೆಣ್ಣೆ, ಹಳೆ ಚರ್ಮ, ಬೂರುಗದ ಹತ್ತಿ... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದರ್ಜಿಯಣ್ಣ ನೆನಪಾದ.

ಕೋಲಾರದ ಚಿನ್ನದ ಗಣಿಯಲ್ಲಿದ್ದಾಗ ಬಾಕ್ಸಿಂಗ್ ಕಲಿತವನು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಹೊಳೆನರಸೀಪುರಕ್ಕೆ ಮರಳಿ ಹೊಲಿಗೆ ಮಿಷನ್ ಹಾಕಿಕೊಂಡಿದ್ದ. ಕಡ್ಡಿಯಂಥ ಮೈ. ಸಂಜೆ ಅಂಗಡಿ ಮುಂದೆ ಮರಳಿನ ಗೋಣಿಚೀಲ ತೂಗುಹಾಕಿ ಗುದ್ದುತ್ತಿದ್ದರೆ, ಅರಕಲಗೂಡು, ಚನ್ನರಾಯಪಟ್ಟಣದಿಂದ ಸಂತೆಗೆ ಬಂದವರೂ ನಿಂತು ನೋಡುತ್ತಿದ್ದರು. ಆ ಗುದ್ದಿನಲ್ಲಿ ಬಲವಿದೆಯೋ, ಬರೀ ಸದ್ದೋ ಎಂದು ಊರೆಲ್ಲ ವಾದ.

ಮೈಸೂರಿನ ಬಾಕ್ಸಿಂಗ್ ಪಂದ್ಯಕ್ಕೆ ಒಬ್ಬನನ್ನು ಕಳಿಸುವುದಾಗಿಯೂ, ಗರಡಿಯ ಹಿರಿಯರು ಒಪ್ಪಿದವನೇ ಹೋಗಲೆಂದೂ ಹಾಸನದ ದೊಡ್ಡ ಮನುಷ್ಯರೊಬ್ಬರು ಹೇಳಿ ಕಳಿಸಿದರು. ಚಾಂಪಿಯನ್ನರ ಎದುರು ಒಮ್ಮೆ ನಿಲ್ಲಬೇಕೆಂಬುದು ದರ್ಜಿಯಣ್ಣನ ಒಂದೇ ಆಸೆ. ವಯಸ್ಸು ಮೂವತ್ತು ದಾಟಿತ್ತು. ಇನ್ನೊಂದು ಅವಕಾಶ ಬರುವಂತಿರಲಿಲ್ಲ. ಅವನ ಪರೀಕ್ಷೆಗೆ ಎದುರಾಳಿಯಾಗಿ ನನ್ನನ್ನು ನಿಲ್ಲಿಸಿದರು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗಾಡಿಯ ಗಾಲಿ ಮಾಡುತ್ತಿದ್ದವನು. ಗರಡಿಯಲ್ಲಿ ನನ್ನನ್ನು ಕೆಡವಿದವರಿರಲಿಲ್ಲ.

“ಬಟ್ಟೆ ಒಲಿಯೋ ಕೈ ಕಣಣ್ಣ, ಉಷಾರು, ಮುರ್ಕಂಡೀಯಾ!” ಎಂದು ಹಂಗಿಸಿದೆ.

“ನಿಂತ್ಕಳ್ಲಾ ಸುಮ್ಕೆ, ಅಳತೆ ತಕ್ಕತೀನಿ,” ಎಂದು ನಕ್ಕ.

ಬಲಗೈ ಬಂದದ್ದು ಕಾಣಲೇ ಇಲ್ಲ. ಹಿಮ್ಮಡಿಯಿಂದ ಎದ್ದ ಬಲ ಸೊಂಟದಲ್ಲಿ ತಿರುಗಿ ದವಡೆಗೆ ಬಂತು... ಕಣ್ಣು ಬಿಟ್ಟಾಗ ಮೊಣಕಾಲೂರಿ ಮುಖ ಕೆಳಗಾಗಿ ಬಿದ್ದಿದ್ದೆ, ಬಾಯಲ್ಲಿ ಕೆಮ್ಮಣ್ಣು.

ಹಿರಿಯರು ಕುಸ್ತಿ ಕಂಡವರು. ನೇರವಾಗಿ ನನ್ನ ಬೆನ್ನು ನೋಡಿದರು. “ಬೆನ್ಗೆ ಮಣ್ಣತ್ತಿಲ್ಲ. ಇದು ಗೆಲುವಲ್ಲ.”

“ಅಯ್ಯೋ ಸಾಮಿ, ಬಾಕ್ಸಿಂಗ್ನಾಗೆ ಬೆನ್ನು ನೋಡಾಕಿಲ್ಲ! ಬಿದ್ದೋನ್ನೇ ಕೇಳಿ,” ಎಂದ ದರ್ಜಿಯಣ್ಣ.

“ಏನ್ಲಾ, ಏಟಿಗೆ ಬಿದ್ಯಾ?” ಹಿರಿಯರು ನನ್ನತ್ತ ತಿರುಗಿದರು.

ಸುತ್ತ ಊರೇ ನಿಂತಿತ್ತು. “ಕಾಲು ಜಾರ್ತು,” ಎಂದೆ.

ಮೈಸೂರಿಗೆ ಅವನನ್ನು ಕಳಿಸಲಿಲ್ಲ. ತಿಂಗಳಲ್ಲೇ ಮಿಷನ್ ಮಾರಿ ಮತ್ತೆ ಗಣಿಗೆ ಹೊರಟ. ಹೋಗುವ ದಿನ ಬಂದು ಬಲಗೈ ಗ್ಲೌಸು ಕೊಟ್ಟ. “ಇಟ್ಕಳ್ಲಾ. ನಿನ್ ದವಡೆಗೆ ಗೊತ್ತಲ್ಲ, ಸಾಕು.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡನೆಂದು ಯಾರೋ ಹೇಳಿದರು...

ಅವನು ಊರು ಬಿಟ್ಟ ಮೇಲೆ ನಾನೇ ಮೈಸೂರಿಗೆ ಹೋಗಿ ಆ ಚಾಂಪಿಯನ್ನರ ಆಟ ನೋಡಿದೆ. ಗಾಲಿಗೆ ಕಬ್ಬಿಣದ ಪಟ್ಟಿ ಬಡಿಯುವವನಿಗೆ ಏಟಿನ ತೂಕ ಸದ್ದಿನಲ್ಲೇ ತಿಳಿಯುತ್ತದೆ. ಒಬ್ಬನ ಕೈ ಮಾತ್ರ ದರ್ಜಿಯಣ್ಣನದಕ್ಕಿಂತ ಭಾರ. ಮಿಕ್ಕವರೆಲ್ಲ ಅವನಿಗಿಂತ ಕೆಳಗೆ. ಅಷ್ಟು ಹತ್ತಿರದಿಂದ, ಅಷ್ಟು ಬೇಗ ಹೊಡೆಯುವವನು ಅಲ್ಲಿ ಒಬ್ಬನೂ ಇರಲಿಲ್ಲ.

ಈಗ ನನ್ನ ದವಡೆಯಲ್ಲಿ ಹಲ್ಲಿಲ್ಲ. ತೀರ್ಪು ಕೊಟ್ಟ ಹಿರಿಯರಲ್ಲಿ ಒಬ್ಬರೂ ಉಳಿದಿಲ್ಲ. ಕೇಳಲು ಅವನೂ ಇಲ್ಲ. ಗ್ಲೌಸಿಗೆ ಎಣ್ಣೆ ಸವರಿ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಂದು ಗರಡಿಯ ಮಣ್ಣು ಒಣಗಿತ್ತು. ನನ್ನ ಕಾಲು ಜಾರಿರಲಿಲ್ಲ.