ಬಾಣವಿಲ್ಲದೆ ಬಿಟ್ಟ ಹೆದೆ

ಮೊನ್ನೆ ಆಯುಧಪೂಜೆಗೆ ಸೈಕಲ್ ತೊಳೆಯೋಣವೆಂದು ಟೂಲ್ ಬಾಕ್ಸ್ ತೆರೆದೆ. ಸ್ಪ್ಯಾನರುಗಳ ಅಡಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಮೇಣದ ಕಡ್ಡಿ ಸಿಕ್ಕಿತು. ಬಿಲ್ಲಿನ ಹೆದೆಗೆ ಸವರುವ ಮೇಣ. ಮುಚ್ಚಳ ತೆಗೆದರೆ ಇಷ್ಟು ವರ್ಷದ ಮೇಲೂ ಅದೇ ಜೇನುಗೂಡಿನ ವಾಸನೆ... ಮಗಳು ಬಂದು ಜರ್ಮನ್‌ನಲ್ಲಿ ಅದೇನೆಂದು ಕೇಳಿದಳು. ಒಬ್ಬ ಅಜ್ಜನದ್ದು ಎಂದೆ. ಯಾವ ಅಜ್ಜ ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಜರ್ಮನಿ ನಮ್ಮಂಥ ಕಂಪ್ಯೂಟರ್ ಕೆಲಸದವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲದ ಮಾತು. ನಾನೂ ಉಡುಪಿಯ ನನ್ನ ಗೆಳೆಯನೂ ವಾಲ್‌ಡಾರ್ಫ್ ಪಕ್ಕದ ಸೇಂಟ್ ಲಿಯೋನ್-ರೋಟ್‌ನಲ್ಲಿ ಒಂದು ಮನೆಯ ಕೆಳಮಹಡಿಯಲ್ಲಿ ಬಾಡಿಗೆಗಿದ್ದೆವು. ಮೇಲೆ ಮನೆಯ ಮಾಲೀಕರು. ಎಪ್ಪತ್ತು ದಾಟಿದ್ದ, ಹೆಂಡತಿ ತೀರಿಕೊಂಡಿದ್ದ ನಿವೃತ್ತ ಬಡಗಿ. ನಾವಿಬ್ಬರೂ ನಮ್ಮೊಳಗೆ ಅವರನ್ನು ಅಜ್ಜ ಎನ್ನುತ್ತಿದ್ದೆವು. ಮೊಸರಿನ ಡಬ್ಬಿ ತೊಳೆಯದೆ ಪ್ಲಾಸ್ಟಿಕ್ ಕಸದ ಹಳದಿ ಚೀಲಕ್ಕೆ ಹಾಕಿದರೆ ಸಾಕು, ಡಬ್ಬಿ ಹಿಡಿದುಕೊಂಡೇ ಬಂದು ಬೆಲ್ ಒತ್ತುತ್ತಿದ್ದರು. ಅದು ಬಿಟ್ಟರೆ ಅವರ ತಲೆಯಲ್ಲಿ ಇದ್ದದ್ದು ಬೇಟೆಯೊಂದೇ.

ಒಂದು ಭಾನುವಾರ ಮೊಸರಿನ ಡಬ್ಬಿ ಇಲ್ಲದೆಯೇ ಬಂದರು. ಹಂಗೇರಿಯಲ್ಲಿದ್ದ ಅವರ ನಲವತ್ತು ವರ್ಷದ ಬೇಟೆ ಗೆಳೆಯ ಅಕ್ಟೋಬರ್ ಕೊನೆಗೆ ಜಿಂಕೆ ಬೇಟೆಗೆ ಕರೆದಿದ್ದ. ಬಂದೂಕಲ್ಲ, ಬಿಲ್ಲು. ಜರ್ಮನಿಯಲ್ಲಿ ಬಿಲ್ಲು ಹಿಡಿದು ಬೇಟೆಯಾಡುವ ಹಾಗಿಲ್ಲ, ಅಲ್ಲಿ ಆಡಬಹುದು. ಅಜ್ಜನ ಸೊಂಟದ ಒಂದು ಕೀಲಿಗೆ ಆಗಲೇ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಚಳಿಗಾಲದಲ್ಲಿ ದಿನ ಗೊತ್ತಾಗಿತ್ತು. ಆಮೇಲೆ ಕಾಡು ತನಗೆ ಸಿಗಲಿಕ್ಕಿಲ್ಲ, ಇದೊಂದು ಸಲ ನಡೆದು ಬರಬೇಕು ಎಂದರು. ಅದಕ್ಕೆ ಹಗುರವಾದ, ಗಿಡ್ಡ ಬಿಲ್ಲು ಬೇಕು. ಇಂಟರ್ನೆಟ್ಟು, ಇಂಗ್ಲಿಷು ಎರಡೂ ಬಲ್ಲವನು ನಾನು.

ಜನ್ಮದಲ್ಲಿ ಮೊಟ್ಟೆ ಮುಟ್ಟದ ನಾನು ಜಿಂಕೆ ಕೊಲ್ಲುವ ಬಿಲ್ಲಿಗೆ ಎಕ್ಸೆಲ್ ಶೀಟ್ ಮಾಡಿದೆ. ಕಾಂಪೌಂಡ್ ಬಿಲ್ಲಿನ ಎರಡು ತುದಿಗೂ ಪುಟ್ಟ ಗಾಲಿಗಳು. ಎಳೆಯಲು ಶುರುವಿಗೆ ಕಷ್ಟ, ಪೂರ್ತಿ ಎಳೆದ ಮೇಲೆ ಕೈಗೆ ಹಗುರ, ಹಾಗಾಗಿ ಮುದುಕರೂ ಗುರಿ ಹಿಡಿದು ನಿಲ್ಲಬಹುದು. ತೂಕ, ಉದ್ದ, ಎಳೆತ ಎಂದು ಹನ್ನೆರಡು ಬಿಲ್ಲುಗಳನ್ನು ಸಾಲಾಗಿ ಬರೆದು ಪ್ರಿಂಟ್ ಕೊಟ್ಟೆ. ಅಜ್ಜ ಕನ್ನಡಕ ಏರಿಸಿ ಓದಿ, "ಇದರಲ್ಲಿ ನನ್ನ ಸೊಂಟ ಎಲ್ಲಿದೆ?" ಎಂದರು. ನನಗೆ ನಾಚಿಕೆಯಾಯಿತು. ಕೊನೆಗೆ ಅಕ್ಕಿಯನ್ನು ತೂಗಿ ಚೀಲಕ್ಕೆ ತುಂಬಿ, ಅವರ ಹೆಗಲಿಗೆ ಹಾಕಿ, ಕಾಡಿನ ದಾರಿಯಲ್ಲಿ ಒಂದೊಂದು ಗಂಟೆ ನಡೆದೆವು. ಎರಡು ಕಿಲೋ ಆದರೆ ದಾರಿಬದಿಯ ಬೆಂಚಿನ ಹತ್ತಿರವೇ ಕೂರುತ್ತಿದ್ದರು. ಒಂದೂವರೆ ಕಿಲೋ ಹೊತ್ತು ಮನೆಯವರೆಗೂ ಬಂದರು. ಅಷ್ಟು ಹಗುರದ್ದು ಪಟ್ಟಿಯಲ್ಲಿ ಒಂದೇ ಇತ್ತು, ಯಾರೂ ಹೆಚ್ಚು ಕೊಳ್ಳದ ಒಂದು ಮಾದರಿ. ಅದನ್ನೇ ಅಮೆರಿಕದಿಂದ ತರಿಸಿದೆವು.

ಅದರ ಜತೆ ಬಂದ ಪುಸ್ತಕವನ್ನು ಅಜ್ಜನಿಗೆ ಅವರ ಅಡುಗೆಮನೆಯಲ್ಲಿ ಕೂತು ಓದಿ ಹೇಳಿದವನು ನಾನೇ. ಬಾಣ ಹೂಡದೆ ಹೆದೆ ಎಳೆದು ಬಿಡಬಾರದು, ಬಿಲ್ಲು ಒಡೆಯುತ್ತದೆ... ಈ ಮಾತನ್ನು ಎರಡು ಸಲ ಓದಿಸಿದರು. ಆಮೇಲೆ ಒಂದೂವರೆ ತಿಂಗಳು ಸಂಜೆ ಸಂಜೆ ಹಿತ್ತಲಿನ ಹುಲ್ಲಿನ ಕಂತೆಗೆ ಬಾಣ ನಾಟುವ ಶಬ್ದ ಕೇಳುತ್ತಿತ್ತು. ಅಜ್ಜ ಸಿಳ್ಳೆ ಹಾಕುವುದನ್ನು ನಾನು ಕೇಳಿದ್ದು ಆ ದಿನಗಳಲ್ಲಿ ಮಾತ್ರ.

ಆಯುಧಪೂಜೆ ಬಂತು. ನಮ್ಮ ಬಳಿ ಇದ್ದ ಆಯುಧ ಎಂದರೆ ಎರಡು ಲ್ಯಾಪ್‌ಟಾಪ್, ಒಂದು ಕುಕ್ಕರ್. ಗೆಳೆಯನಿಗೆ ಅದು ಸಾಲಲಿಲ್ಲ. "ಮೇಲೆ ನಿಜವಾದ ಆಯುಧ ಉಂಟು ಮಾರಾಯಾ, ಒಂದು ದಿನಕ್ಕೆ ಕೇಳು" ಎಂದ. ಕೇಳಿದೆ. ತಮ್ಮ ಚರ್ಚಿನಲ್ಲೂ ಬೇಟೆಗಾರರಿಗೆ ಒಂದು ಪೂಜೆ ಇದೆ ಎಂದು ಅಜ್ಜ ಖುಷಿಯಿಂದ ಬಿಲ್ಲು ಒರೆಸಿ, ಹೆದೆಗೆ ಮೇಣ ಸವರಿ, ಆ ಮೇಣದ ಕಡ್ಡಿಯನ್ನೂ ನನ್ನ ಕೈಗಿಟ್ಟರು.

ಕುಂಕುಮ ಇಟ್ಟೆವು, ಸೇವಂತಿಗೆ ಸಿಕ್ಕಿಸಿದೆವು, ಆರತಿ ಎತ್ತಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಕಾಲೇಜಿನಲ್ಲಿ ಯಕ್ಷಗಾನದ ವೇಷ ಹಾಕಿದ್ದ ಗೆಳೆಯ ಬಿಡಲಿಲ್ಲ. "ಠೇಂಕಾರ ಮಾಡದೆ ಬಿಲ್ಲಿಗೆ ಎಂಥ ಪೂಜೆ? ಒಮ್ಮೆ ಎಳ್ದು ಬಿಡು, ಕೇಳುವ!" ಎಂದ. ಚಿಕ್ಕಂದಿನಿಂದ ರಂಗಸ್ಥಳದಲ್ಲಿ ವೀರರೆಲ್ಲ ಮೊದಲು ಬರಿ ಹೆದೆಯನ್ನೇ ಮಿಡಿಯುವುದನ್ನು ನೋಡಿ ಬೆಳೆದವರು ನಾವು. ನಾನೇ ಓದಿ ಹೇಳಿದ್ದ ಮಾತು ಆ ಕ್ಷಣ ನನಗೆ ನೆನಪಾಗಲಿಲ್ಲ. ಎಳೆದೆ. ಬಿಟ್ಟೆ.

ಠೇಂಕಾರ ಬರಲಿಲ್ಲ. ಒಣಕೊಂಬೆ ಮುರಿದಂಥ ಸದ್ದು. ಬಿಲ್ಲಿನ ಮೇಲಿನ ತೋಳು, ಅಂದರೆ ಹಿಡಿಯಿಂದ ಗಾಲಿಯವರೆಗಿನ ಬಾಗುವ ಪಟ್ಟಿ, ಉದ್ದಕ್ಕೆ ಸೀಳಿ, ಹೆದೆ ಗಾಲಿಯಿಂದ ಹಾರಿ ಆರತಿ ತಟ್ಟೆಯ ಮೇಲೆ ಜೋತುಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಅನ್ನುತ್ತಾರೆ. ಆ ದಿನ ಪೂಜಾರಿ ನಾನೇ.

ಮೇಲೆ ತೆಗೆದುಕೊಂಡು ಹೋದೆ. ಅಜ್ಜ ಬಿಲ್ಲನ್ನು ಮೇಜಿನ ಮೇಲಿಟ್ಟು, ಸೇವಂತಿಗೆಯ ಎಸಳುಗಳನ್ನು ಒಂದೊಂದಾಗಿ ತೆಗೆದರು. ನಾನು ಏನೇನೋ ತೊದಲುತ್ತಿದ್ದೆ. ಅವರು ನನ್ನ ಅಂಗೈ ತಿರುಗಿಸಿ ನೋಡಿ, "ಕೈಗೆ ಪೆಟ್ಟಾಯಿತೇ?" ಎಂದರು. ಅಷ್ಟೇ ಕೇಳಿದರು.

ಮಾರನೆಯ ದಿನ ರಜೆ ಹಾಕಿ ಎಲ್ಲೆಲ್ಲಿಗೋ ಫೋನ್ ಮಾಡಿದೆ. ಹುಡುಕಿ ಹುಡುಕಿ ಆರಿಸಿದ ಆ ಅಪರೂಪದ ಮಾದರಿಯ ತೋಳು ಇಡೀ ಜರ್ಮನಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಅಮೆರಿಕದವರು ವಾರಗಟ್ಟಲೆ ಆಗುತ್ತದೆ ಎಂದರು. ಹೈಡೆಲ್‌ಬರ್ಗ್ ಕಡೆಯ ಅಂಗಡಿಯವನೊಬ್ಬ ತನ್ನದೇ ಬಿಲ್ಲು ಎರವಲು ಕೊಟ್ಟ. ಎರಡು ಕಿಲೋಗೂ ಮಿಕ್ಕಿದ್ದು. ಅಜ್ಜ ಅದನ್ನು ಹೆಗಲಿಗೆ ಹಾಕಿ ಹೊರಟರು, ನಾನು ಹಿಂದೆ. ಅದೇ ಬೆಂಚು ಬಂತು. ಕೂತರು. ಹಿಂದಿರುಗುವಾಗ ಬಿಲ್ಲು ನನ್ನ ಹೆಗಲ ಮೇಲಿತ್ತು. ಮನೆಗೆ ಬಂದವರೇ ಹಂಗೇರಿಗೆ ಫೋನ್ ಮಾಡಿದರು.

ಬಿಲ್ಲಿನ ಹೊಸ ತೋಳು ಬಂದದ್ದು ಡಿಸೆಂಬರಿನಲ್ಲಿ, ಅವರ ಆಪರೇಷನ್ ಆದ ಮೇಲೆ. ಜೋಡಿಸಿ ಕೊಟ್ಟೆ. ಕುರ್ಚಿಯಲ್ಲಿ ಕೂತೇ ಹೆದೆ ಎಳೆದರು. ಅರ್ಧದವರೆಗೆ ಬಂತು, ಮುಂದೆ ಬರಲಿಲ್ಲ... ಬಿಟ್ಟುಬಿಡುತ್ತಾರೆಂದುಕೊಂಡೆ. ಬಿಡಲಿಲ್ಲ. ಹಲ್ಲು ಕಚ್ಚಿ ಇಂಚು ಇಂಚಾಗಿ ಹೆದೆಯನ್ನು ಮೊದಲಿದ್ದ ಜಾಗಕ್ಕೇ ವಾಪಸು ತಂದು ನಿಲ್ಲಿಸಿದರು. "ಬಾಣ ಇಲ್ಲವಲ್ಲ" ಎಂದು ಬಿಲ್ಲನ್ನು ನನ್ನ ಕೈಗೆ ಕೊಟ್ಟರು. ಕೊಂಕಿನ ಮಾತಲ್ಲ ಅದು. ಕೊಂಕಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಬೇಸಿಗೆಗೆ ಮೊದಲೇ ನಮ್ಮ ಕಂಪನಿ ಮುಚ್ಚಿತು, ನಾನು ಕೆಲಸ ಹುಡುಕಿ ಬರ್ಲಿನ್‌ಗೆ ಬಂದೆ. ಅಜ್ಜ ತೀರಿಕೊಂಡ ಸುದ್ದಿಯನ್ನು ಗೆಳೆಯ ತಿಳಿಸಿದ. ಅವರು ಮತ್ತೆ ಕಾಡಿಗೆ ಹೋಗಿರಲಿಲ್ಲವಂತೆ. ಮೇಣದ ಕಡ್ಡಿ ಹಿಂದಿರುಗಿಸದೆ ನನ್ನಲ್ಲೇ ಉಳಿದದ್ದು ಬರ್ಲಿನ್‌ಗೆ ಬಂದು ಪೆಟ್ಟಿಗೆ ಬಿಚ್ಚುವಾಗಲೇ ಗೊತ್ತಾಗಿತ್ತು.

ಒಮ್ಮೆ ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ... ಮೊನ್ನೆ ಸೈಕಲ್ಲು, ಸ್ಪ್ಯಾನರು, ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ ಇಟ್ಟೆ. ಇದಕ್ಕೂ ಇಡಪ್ಪಾ ಎಂದು ಮಗಳು ಮೇಣದ ಕಡ್ಡಿಯನ್ನು ಮುಂದೆ ಹಿಡಿದಳು. ಕೈ ಬರಲಿಲ್ಲ.